ಚಾಲಗೇಣಿ, ವರ್ಗ, ಉಗ್ರಾಣಿ: ಈ ಶಬ್ದಗಳು ಬಳಕೆಯಿಂದ ಯಾವಾಗ ಬಿದ್ದವು, ಗೆರೆ ಎಳೆದು ನೋಡಲಿಕ್ಕೆ ಉಂಟಾ?

ಪೆರ್ಲದವ:
ಮನೆಯ ಹಳೇ ಕಾಗದಪತ್ರ ಕಂಪ್ಯೂಟರಿಗೆ ಏರಿಸ್ತಾ ಇದ್ದೇನೆ. ಪುಟಪುಟಕ್ಕೂ ಚಾಲಗೇಣಿ (ಕಾಯಂ ಅಲ್ಲದ, ಒಡೆಯ ಬಿಡಿಸಬಹುದಾದ ಗೇಣಿ), ವರ್ಗ (ದಾಖಲೆಯ ಭೂಹಿಡುವಳಿ), ಉಗ್ರಾಣಿ (ಊರ ಪಟೇಲರ ಕೈಕೆಳಗಿನ ಸೇವಕ), ತೀರ್ವೆ (ಭೂಕಂದಾಯ). ಅಕ್ಕಿಯೆಲ್ಲ ಮುಡಿ ಲೆಕ್ಕ, ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಮೂಟೆಯ ಅಳತೆ. ಮಗಳಿಗೆ ಇದರಲ್ಲಿ ಒಂದೂ ಗೊತ್ತಿಲ್ಲ. ವಿಲ್ಲೇಜ್ ಆಫೀಸಿನಲ್ಲಿ ದುಡ್ಡು ಕಟ್ಟಿ ಬರುವವಳು ಅವಳೇ, ಆದರೆ ಅವಳ ಬಾಯಲ್ಲಿ ಅದು ತೀರ್ವೆ ಅಲ್ಲ, ಮಲಯಾಳದ ನಿಕುತಿ. ಇಂಗ್ಲಿಷಿನವರಿಗೆ ಗೂಗಲ್ ಎನ್‌ಗ್ರಾಮ್ ವ್ಯೂವರ್ ಉಂಟಲ್ಲ, ಶಬ್ದ ಹಾಕಿದರೆ ಪುಸ್ತಕಗಳಲ್ಲಿ ಯಾವ ವರ್ಷ ಎಷ್ಟು ಬಂದಿದೆ ಅಂತ ತೋರಿಸ್ತದೆ. ಕನ್ನಡಕ್ಕೆ ಅಂಥದ್ದು ಉಂಟಾ? ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದಲೇ ಇವು ಇಳಿದಿರಬಹುದಾ?

ಲೆಕ್ಕಪಕ್ಕ:
ಅದರಲ್ಲಿ ಕನ್ನಡ ಇಲ್ಲ. 2010ರಲ್ಲಿ ಶುರುವಾದದ್ದು, ಇಂಗ್ಲಿಷ್, ಜರ್ಮನ್, ರಷ್ಯನ್, ಹೀಬ್ರೂ ಎಲ್ಲ ಉಂಟು, ನಮ್ಮ ದೇಶದ ಭಾಷೆ ಒಂದೂ ಇಲ್ಲ. ಗೂಗಲ್ ಟ್ರೆಂಡ್ಸ್ ನಿಮಗೆ ಉಪಯೋಗಕ್ಕಿಲ್ಲ, ಅದು 2004ರಿಂದ ಈಚೆಗೆ ಜನ ಹುಡುಕಿದ್ದನ್ನು ಮಾತ್ರ ಎಣಿಸ್ತದೆ. ವಿಕಿಸೋರ್ಸ್ ಅಂತ ಪುಸ್ತಕಗಳ ಉಚಿತ ಜಾಲತಾಣ ಉಂಟು, ಅದರ ಕನ್ನಡ ಪುಸ್ತಕ ಇಳಿಸಿಕೊಂಡು ನೀವೇ ಎಣಿಸಬಹುದು. ಆದರೆ ಗೇಣಿ, ಗೇಣಿಗೆ, ಗೇಣಿಯಲ್ಲಿ, ಗೇಣಿದಾರ ಎಲ್ಲ ಯಂತ್ರಕ್ಕೆ ಬೇರೆ ಬೇರೆ ಶಬ್ದ. ಸರಿ, 'ಗೇಣಿ'ಯಿಂದ ಶುರುವಾಗುವುದೆಲ್ಲ ಬರಲಿ ಅಂತ ಬಿಟ್ಟರೆ 'ಗೇಣಿನಷ್ಟು ಸೌತೆಕಾಯಿ'ಯೂ ಲೆಕ್ಕಕ್ಕೆ ಬಂದು ಕೂರ್ತದೆ!

ವಕೀಲರ ಗುಮಾಸ್ತ (ಈಗ ರಿಟೈರ್ಡ್):
1956 ಅಲ್ಲ ಮಾರಾಯ್ರೇ. ರಾಜ್ಯ ಬದಲಾದರೆ ಒಕ್ಕಲು ಗೇಣಿ ಕೊಡುವುದು ನಿಲ್ತದಾ? ನೀವು ನೋಡಬೇಕಾದದ್ದು 1970 ಜನವರಿ 1. ಅವತ್ತಿನಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ಹೋಯಿತು. ಗಡಿಯಾಚೆ ಪುತ್ತೂರು, ಬಂಟ್ವಾಳದಲ್ಲಿ 1974 ಮಾರ್ಚ್ 1. ಹಾಗಾಗಿ ಒಂದು ಗೆರೆ ಸಾಲದು, ಎರಡು ಬೇಕು.

ಇನ್ನೊಂದು: ಕಾನೂನು ಬಂದ ಕೂಡಲೇ ಶಬ್ದ ಬೀಳಲಿಲ್ಲ, ಏರಿತು. ಭೂಮಿಯ ಟ್ರಿಬ್ಯೂನಲಿನಲ್ಲಿ ಒಕ್ಕಲುಗಳ ಕೇಸು ನಡೆದಷ್ಟು ಕಾಲ ನಾವು ಬರೆದದ್ದೇ ಅದು, 'ಚಾಲಗೇಣಿ ಹಕ್ಕಿನಿಂದ ಅನುಭವಿಸಿಕೊಂಡು ಬಂದಿದ್ದು' ಅಂತ, ಬೆರಳು ನೋಯುವಷ್ಟು. ಗೇಣಿ ಕೊಡುತ್ತಿದ್ದ ಕಾಲದಲ್ಲಿ ಅಷ್ಟು ಬರೆದವರಿಲ್ಲ, ಅಂಗಳದಲ್ಲಿ ಅಕ್ಕಿ ಅಳೆದರೆ ಮುಗಿಯಿತು. ಮೂಲಗೇಣಿಯಂತೂ, ಅಂದರೆ ಕಾಯಂ ಗೇಣಿ, ಮಂಗಳೂರು, ಉಡುಪಿ ಕಡೆ ಇನ್ನೂ ಜೀವಂತ. ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆಯನ್ನು ಕರ್ನಾಟಕ ಮಾಡಿದ್ದೇ 2011ರಲ್ಲಿ. ಪೇಪರು ಎಣಿಸಿದರೆ ಅಲ್ಲಿ ಗೆರೆ ಪುನಃ ಏಳ್ತದೆ. ಅದನ್ನು ನೋಡಿ ಶಬ್ದ ಜನರ ಬಾಯಿಗೆ ಬಂತು ಅಂತ ತಿಳಿಯಬೇಡಿ.

ಕುಂಬಳೆಯ ಅಕ್ಕ:
ಮುಡಿಯನ್ನು ಸತ್ತವರ ಪಟ್ಟಿಗೆ ಯಾಕೆ ಸೇರಿಸಿದ್ದು? ಬೈಹುಲ್ಲಿನ ಹಗ್ಗ ಸುತ್ತಿ ಮುಡಿ ಕಟ್ಟುವವರು ಈಗಲೂ ಇದ್ದಾರೆ. ಕಿಲೋ ಬಂದ ಮೇಲೆ ಅಳತೆ ಹೋಯಿತು, ಅಷ್ಟೇ. ಮತ್ತೆ ಎಣಿಸುವಾಗ ಹೆಂಗಸರ ಮುಡಿಯನ್ನು ಬೇರೆ ತೆಗೆದಿಡಿ, ಕವಿಗಳು ಅದನ್ನು ಬಿಟ್ಟವರಲ್ಲ.

ಪೆರ್ಲದವ:
ಗುಮಾಸ್ತರೇ, ಒಳ್ಳೆ ದಾರಿ ಹೇಳಿದಿರಿ. ಹಾಗಾದರೆ ಪುಸ್ತಕ ಬಿಟ್ಟು ಮನೆಯ ಕಾಗದವನ್ನೇ ವರ್ಷವಾರು ಎಣಿಸ್ತೇನೆ, ಲೆಕ್ಕಪುಸ್ತಕ ಬೇರೆ, ಕೋರ್ಟಿನದ್ದು ಬೇರೆ. ಲೆಕ್ಕಪಕ್ಕರೇ, ಆ ಸೌತೆಕಾಯಿ ಹೊರಗಿಡುವ ಉಪಾಯ ಏನಾದರೂ ಉಂಟಾ?