ಕಪ್ಪೆ ಲೂರ್‌ಗೆ ಕೊರವ ಹೊಡೆಯುತ್ತೆ, ಹುಕ್ ಮಾತ್ರ ಕೂರ್ತಿಲ್ಲ

ಜೊಂಡಿನಂಚು:
ತುಮಕೂರು ಕಡೆಯ ಕೆರೆಗಳಲ್ಲಿ ದಡದಿಂದಲೇ ಕೊರವ ಮೀನಿಗೆ ಗಾಳ ಹಾಕ್ತಿದ್ದೀನಿ. 7 ಅಡಿ ಮೀಡಿಯಂ ಹೆವಿ ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, 20 ಪೌಂಡ್ ಬ್ರೇಡ್ (ಹೆಣೆದ ದಾರ), ತುದಿಗೆ ಸ್ನ್ಯಾಪ್ ಸ್ವಿವೆಲ್ (ತಿರುಗೋ ಲೋಹದ ಕೊಂಡಿ), ಅದಕ್ಕೆ ಐದೂವರೆ ಸೆಂ.ಮೀ. ಟೊಳ್ಳು ರಬ್ಬರ್ ಕಪ್ಪೆ, ಅಂದ್ರೆ ಹುಕ್ ಇರೋ ನಕಲಿ ಎರೆ (ಲೂರ್). ಅಂತರಗಂಗೆ ಕಳೆ ಮೇಲೆ ಎಳೆಯುವಾಗ ಡಬ್ ಅಂತ ಹೊಡೆತ ಬೀಳುತ್ತೆ, ರಾಡ್ ಎತ್ತಿದರೆ ಕಪ್ಪೆ ಬರಿದೇ ಹಾರಿ ಬರುತ್ತೆ. ತೂಬಿನ ಹತ್ತಿರ ಕಳೆ ಕಮ್ಮಿ ಇರೋ ಕಡೆ ತೇಲುವ ಮಿನ್ನೋ (ಸಣ್ಣ ಮೀನಿನ ಆಕಾರದ ಲೂರ್) ಹಾಕಿದರೆ ಅದರ ಹುಕ್‌ನ ಮೂರು ಮುಳ್ಳಿಗೂ ಪಾಚಿ ಸುತ್ತಿಕೊಳ್ಳುತ್ತೆ. ಎರಡಕ್ಕೂ ಏನು ಮಾಡಬೇಕು?

ಕೋಡಿನೀರು:
ಸರ್, ಮೊದಲು ಆ ಸ್ವಿವೆಲ್ ತೆಗೆದುಹಾಕಿ. ಅದರ ಭಾರಕ್ಕೆ ಕಪ್ಪೆಯ ಮೂತಿ ತಗ್ಗುತ್ತೆ, ಎಲೆ ಸಂದಿಗೆಲ್ಲ ಸಿಕ್ಕಿಕೊಳ್ಳುತ್ತೆ. ಬ್ರೇಡನ್ನು ನೇರವಾಗಿ ಪಾಲೋಮರ್ ಗಂಟಿನಿಂದ ಕಟ್ಟಿ. ಅಂತರಗಂಗೆಗೆ 20 ಪೌಂಡ್ ಸಾಲದು, 40 ಇರಲಿ: ಕೊರವ ಕಚ್ಚಿದ ತಕ್ಷಣ ಬೇರಿನೊಳಗೆ ನುಗ್ಗುತ್ತೆ, ನೀವು ಎತ್ತಬೇಕಾಗಿರೋದು ಮೀನು ಜೊತೆಗೆ ಎರಡು ಮೂರು ಕೆ.ಜಿ. ಕಳೆ.

ಇನ್ನು ಕಪ್ಪೆ. ಹೊಸ ಕಪ್ಪೆಯನ್ನು ಪೊಟ್ಟಣದಿಂದ ತೆಗೆದು ಹಾಗೇ ಹಾಕಬಾರದು. ಹೆಬ್ಬೆರಳು, ತೋರುಬೆರಳಲ್ಲಿ ಒತ್ತಿ ನೋಡಿ. ಸಲೀಸಾಗಿ ಚಪ್ಪಟೆಯಾಗಿ ಹುಕ್‌ನ ಎರಡು ಮೊನೆಯೂ ಹೊರಗೆ ಬರಬೇಕು. ಗಟ್ಟಿ ಇದ್ದರೆ ಬಿಸಿನೀರಲ್ಲಿ ಒಂದೆರಡು ನಿಮಿಷ ಇಟ್ಟು ಹಿಸುಕಿ ಮೆದು ಮಾಡಿ. ಮೊನೆಗಳು ಬೆನ್ನಿಗೆ ಅಂಟಿಕೊಂಡಿದ್ದರೆ ಪ್ಲೈಯರ್‌ನಲ್ಲಿ 2 ಮಿ.ಮೀ.ನಷ್ಟು ಮೇಲಕ್ಕೆ, ಸ್ವಲ್ಪ ಹೊರಕ್ಕೆ ಬಗ್ಗಿಸಿ. ಜಾಸ್ತಿ ಬಗ್ಗಿಸಿದಿರೋ, ಕಳೆಗೆ ಸಿಗುತ್ತೆ. ಏರಿಯ ಹುಲ್ಲಿನ ಮೇಲೆ ಎಳೆದು ನೋಡಿದರೆ ಗೊತ್ತಾಗುತ್ತೆ. ಮೊನೆ ಉಗುರಿನ ಮೇಲೆ ಜಾರದೆ ನಿಲ್ಲಬೇಕು, ಜಾರಿದರೆ ಅರದಲ್ಲಿ ಉಜ್ಜಿ. ಕೊರವದ ಬಾಯಿ ಬರೀ ಮೂಳೆ, ಮೊಂಡು ಹುಕ್ ಇಳಿಯೋದೇ ಇಲ್ಲ. ರಬ್ಬರ್ ಕಾಲು ಉದ್ದ ಇದ್ದರೆ ಮೀನು ಕಾಲನ್ನಷ್ಟೇ ಹಿಡಿದು ಬಿಡುತ್ತೆ, 4 ಸೆಂ.ಮೀ.ಗೆ ಕತ್ತರಿಸಿ.

ಏರಿಬದಿ:
ಮೇಲೆ ಹೇಳಿದ್ದೆಲ್ಲ ಸರಿ, ಆದರೆ ನನ್ನ ಪ್ರಕಾರ ಅರ್ಧ ತೊಂದರೆ ಕೈಯಲ್ಲೇ ಇದೆ. ಸದ್ದು ಕೇಳಿದ ಕೂಡಲೇ ರಾಡ್ ಎತ್ತಬೇಡಿ. ಕಳೆಯ ಕೆಳಗಿಂದ ಹೊಡೆದಾಗ ಮೊದಲು ಎಲೆ ಬಾಯಿಗೆ ಹೋಗುತ್ತೆ, ಆಮೇಲೆ ಕಪ್ಪೆ. ರಾಡ್ ತುದಿಯನ್ನು ಮೀನಿನ ಕಡೆ ಇಳಿಸಿ, ಸಡಿಲ ದಾರ ಸುತ್ತಿಕೊಳ್ಳಿ. ಕೈಗೆ ಭಾರ ಸಿಕ್ಕಿದ ಮೇಲೆ ಜೋರಾಗಿ ಮೇಲಕ್ಕೆ ಎಳೆಯಿರಿ. ಇಷ್ಟಕ್ಕೆ ಒಂದು ಎರಡು ಸೆಕೆಂಡು ಸಾಕು. ಡ್ರ್ಯಾಗ್ (ರೀಲಿನ ಬ್ರೇಕ್) ಬಿಗಿ ಇರಲಿ, ಮೀನಿಗೆ ತಲೆ ತಿರುಗಿಸೋಕೆ ಅವಕಾಶ ಕೊಡಬೇಡಿ.

ತಪ್ಪಿಸಿಕೊಂಡರೆ ಕಪ್ಪೆಯನ್ನು ಅಲ್ಲೇ ಬಿಡಿ. ಅಲೆ ನಿಂತ ಮೇಲೆ ಒಂದು ಸಣ್ಣ ಕುಲುಕು, ಬಹಳ ಸಲ ಮತ್ತೆ ಹೊಡೆಯುತ್ತೆ. ಕೊರವ ಗಾಳಿ ತಗೊಳ್ಳೋಕೆ ಮೇಲೆ ಬರೋ ಮೀನು. ಗುಳ್ಳೆ ಎದ್ದ ಜಾಗದ ನೆತ್ತಿ ಮೇಲೇ ಹಾಕಬೇಡಿ, ಒಂದೂವರೆ ಮೀಟರ್ ಆಚೆ ಬೀಳಿಸಿ ಆ ಜಾಗದ ಪಕ್ಕಕ್ಕೆ ತನ್ನಿ.

ಮಿನ್ನೋಗೆ: ಮೂರು ಮುಳ್ಳಿನ ಹುಕ್ ತೆಗೆದು ಒಂಟಿ ಹುಕ್ ಹಾಕಿ, ಮುಂದಿನದರ ಮೊನೆ ಮುಂದಕ್ಕೆ, ಹಿಂದಿನದು ಮೇಲಕ್ಕೆ. ತೂಕ ಬದಲಾದರೆ ಓಟ ಕೆಡುತ್ತೆ, ಆದ್ದರಿಂದ ಕಾಲ ಬಳಿ ಎಳೆದು ನೋಡಿ. ಒಂದು ಕಡೆ ವಾಲಿದರೆ ಮೂತಿಯ ಕೊಂಡಿಯನ್ನು ಅದರ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಬಗ್ಗಿಸಿ. ಒಂದು ಅಡಿ ಆಳದೊಳಗೇ ಓಡೋ, ಮೂತಿಯ ಕೆಳಗೆ ಸಣ್ಣ ನಾಲಿಗೆ (ಪುಟ್ಟ ಹಲಗೆ) ಇರೋ ಮಿನ್ನೋ ತಗೊಳ್ಳಿ, ರಾಡ್ ತುದಿ ಎತ್ತಿಕೊಂಡು ನಿಧಾನಕ್ಕೆ ಸುತ್ತಿ. ಪಾಚಿ ತಗುಲಿದ್ದು ಗೊತ್ತಾದಾಗ ಸುತ್ತೋದು ನಿಲ್ಲಿಸಿ, ಲೂರ್ ತಾನೇ ಮೇಲೆ ತೇಲುತ್ತೆ.

ಜೊಂಡಿನಂಚು:
ಮಿನ್ನೋಗೆ ಲೀಡರ್ (ಬ್ರೇಡ್ ತುದಿಗೆ ಕಟ್ಟೋ ಬೇರೆ ದಾರದ ತುಂಡು) ಬೇಕಾ? ಬಣ್ಣ ಯಾವುದು?

ಏರಿಬದಿ:
ತಿಳಿನೀರಾದರೆ 30 ಪೌಂಡ್ ಫ್ಲೋರೋಕಾರ್ಬನ್ ದಾರ 60 ಸೆಂ.ಮೀ. ಸಾಕು. ತೂಬಿನ ಕಲ್ಲಿಗೆ ಉಜ್ಜಿದರೆ ಬ್ರೇಡ್ ಬೇಗ ಹರಿಯುತ್ತೆ, ಅದಕ್ಕೇ ಮುಖ್ಯವಾಗಿ. ಬಣ್ಣಕ್ಕೆ ತಲೆ ಕೆಡಿಸ್ಕೋಬೇಡಿ. ಮಸಕು ಬೆಳಕಲ್ಲಿ ಕಪ್ಪು ಚೆನ್ನಾಗಿ ಎದ್ದು ಕಾಣುತ್ತೆ, ಅಷ್ಟೇ.

ಕೋಡಿನೀರು:
ಒಂದು ವಿಷಯ ದಯವಿಟ್ಟು ನೆನಪಿಡಿ. ಮಳೆಗಾಲದಲ್ಲಿ ದಡದ ತೆಳುನೀರಲ್ಲಿ ಕೆಂಪಗೆ ಮರಿಗಳ ಗುಂಪು ಕುದಿಯೋ ಹಾಗೆ ಕಾಣುತ್ತೆ, ಕೆಳಗೇ ತಾಯಿ ತಂದೆ ಕಾವಲಿರುತ್ತವೆ. ಅಲ್ಲಿ ಏನು ಹಾಕಿದರೂ ಹೊಡೆಯುತ್ತೆ, ಹಸಿವಿಗಲ್ಲ, ಮರಿ ಕಾಯೋಕೆ. ಆ ಮೀನು ಎತ್ತಿದರೆ ಬೇರೆ ಮೀನುಗಳು ಇಡೀ ಗುಂಪನ್ನೇ ಖಾಲಿ ಮಾಡುತ್ತವೆ. ಆ ಜಾಗ ಬಿಟ್ಟು ಮುಂದೆ ಹೋಗಿ. ಮತ್ತೆ, ಬಹಳಷ್ಟು ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತೆ. ರಾಡ್ ಬಿಚ್ಚೋ ಮೊದಲು ಗುತ್ತಿಗೆದಾರರನ್ನ ಕೇಳಿ.