ರೀಬೂಟ್ ಆದಾಗಲೆಲ್ಲ ವಾಲ್ಯೂಮ್ 40ಕ್ಕೆ ಇಳಿಯುತ್ತದೆ, ಸೌಂಡ್ ಎಚ್‌ಡಿಎಂಐಗೆ ಹೋಗುತ್ತದೆ

ಪ್ರಶ್ನೆ:
ಲಿನಕ್ಸ್ ಲ್ಯಾಪ್‌ಟಾಪ್, ಪೈಪ್‌ವೈರ್ (ಸೌಂಡ್ ನಡೆಸುವ ಸಾಫ್ಟ್‌ವೇರ್) ಮತ್ತು ವೈರ್‌ಪ್ಲಂಬರ್ (ಅದರ ಸೆಟ್ಟಿಂಗ್ ನೋಡಿಕೊಳ್ಳುವ ಜೊತೆಗಾರ). ಸ್ಪೀಕರ್ 70ಕ್ಕೆ ಇಟ್ಟು ರೀಬೂಟ್ ಮಾಡಿದರೆ ಸರಿಯಾಗಿ 40 ಶೇಕಡಾ ಆಗಿರುತ್ತದೆ. ಔಟ್‌ಪುಟ್ ಕೂಡ ಎಚ್‌ಡಿಎಂಐ ಆಗಿರುತ್ತದೆ. ಸೌಂಡ್ ಮಟ್ಟ ಉಳಿಸುವ ‘ಸುಡೋ ಅಲ್ಸಾಕ್ಟಿಎಲ್ ಸ್ಟೋರ್’ ಕಮಾಂಡ್ ಕೊಟ್ಟೆ, ಎರರ್ ಬರಲಿಲ್ಲ, ಉಪಯೋಗವೂ ಆಗಲಿಲ್ಲ. ಇನ್ನೇನು ನೋಡಬೇಕು?

ಉತ್ತರ 1:
ಆ 40 ಎಂಬ ಅಂಕಿಯೇ ಸುಳಿವು. ಹಳೆಯ ನೆನಪು ಸಿಗದ ಸ್ಪೀಕರ್‌ಗೆ ವೈರ್‌ಪ್ಲಂಬರ್ ತಾನಾಗಿ ಕೊಡುವ ವಾಲ್ಯೂಮ್ ಅದು. ಅಲ್ಸಾ (ಲಿನಕ್ಸ್‌ನ ತಳಮಟ್ಟದ ಸೌಂಡ್ ವ್ಯವಸ್ಥೆ) ಬೂಟ್ ಹೊತ್ತಿನಲ್ಲಿ ತನ್ನ ಮಟ್ಟವನ್ನು ವಾಪಸ್ ತಂದರೂ, ಲಾಗಿನ್ ಆದಮೇಲೆ ವೈರ್‌ಪ್ಲಂಬರ್ ಅದರ ಮೇಲೆ ತನ್ನದನ್ನು ಬರೆಯುತ್ತದೆ. ಹಾಗಾಗಿ ಅಲ್ಸಾಕ್ಟಿಎಲ್ ಎಷ್ಟು ಸಲ ಓಡಿಸಿದರೂ ಇಲ್ಲಿ ಫಲವಿಲ್ಲ.

ವೈರ್‌ಪ್ಲಂಬರ್‌ನ ನೆನಪು ಹೋಮ್ ಫೋಲ್ಡರ್‌ನ ‘.ಲೋಕಲ್/ಸ್ಟೇಟ್/ವೈರ್‌ಪ್ಲಂಬರ್’ ಒಳಗಿದೆ. ‘ಡಿಫಾಲ್ಟ್-ರೂಟ್ಸ್’ ಫೈಲ್‌ನಲ್ಲಿ ವಾಲ್ಯೂಮ್ ಮತ್ತು ಮ್ಯೂಟ್, ‘ಡಿಫಾಲ್ಟ್-ನೋಡ್ಸ್’ನಲ್ಲಿ ಆಯ್ದ ಔಟ್‌ಪುಟ್, ‘ಡಿಫಾಲ್ಟ್-ಪ್ರೊಫೈಲ್’ನಲ್ಲಿ ಸೌಂಡ್ ಕಾರ್ಡ್‌ನ ಪ್ರೊಫೈಲ್ (ಕಾರ್ಡ್‌ನ ಯಾವ ಔಟ್‌ಪುಟ್, ಇನ್‌ಪುಟ್ ಚಾಲೂ ಎಂಬ ಆಯ್ಕೆ). ‘ಎಲ್ಎಸ್ -ಎಲ್’ ಕೊಟ್ಟು ಮಾಲೀಕರು ಯಾರೆಂದು ನೋಡಿ. ಸುಡೋ ಬಳಸಿದ ಯಾವುದೋ ಕಮಾಂಡ್‌ನಿಂದ ಅವು ರೂಟ್ (ಸಿಸ್ಟಮ್‌ನ ಅಡ್ಮಿನ್ ಖಾತೆ) ಹೆಸರಿಗೆ ಹೋಗಿದ್ದರೆ, ನಿಮ್ಮ ಯೂಸರ್ ಹೆಸರಲ್ಲಿ ಓಡುವ ವೈರ್‌ಪ್ಲಂಬರ್‌ಗೆ ಬರೆಯಲು ಆಗುವುದಿಲ್ಲ. ‘ಸುಡೋ ಚೋನ್ -ಆರ್’ (ಆರ್ ದೊಡ್ಡಕ್ಷರ) ಕೊಟ್ಟು ಇಡೀ ಫೋಲ್ಡರನ್ನು ನಿಮ್ಮ ಹೆಸರಿಗೆ ಮಾಡಿ. ಡಿಸ್ಕ್ ತುಂಬಿದ್ದರೂ ಇದೇ ಲಕ್ಷಣ, ‘ಡಿಎಫ್ -ಎಚ್’ ಒಮ್ಮೆ ನೋಡಿ.

ರೀಬೂಟ್ ಮಾಡುವ ಮೊದಲೇ ಪರೀಕ್ಷಿಸಬಹುದು: ವಾಲ್ಯೂಮ್ ಬದಲಿಸಿ, ಕೆಲವು ಸೆಕೆಂಡ್ ಬಿಟ್ಟು ‘ಡಿಫಾಲ್ಟ್-ರೂಟ್ಸ್’ ಫೈಲಿನ ಸಮಯ ಬದಲಾಯಿತೇ ನೋಡಿ. ಬದಲಾಗದಿದ್ದರೆ ‘ಸಿಸ್ಟಮ್‌ಸಿಟಿಎಲ್ --ಯೂಸರ್ ಸ್ಟಾಪ್ ವೈರ್‌ಪ್ಲಂಬರ್’, ಫೋಲ್ಡರ್‌ನ ಹೆಸರು ಬದಲಿಸಿ, ಆಮೇಲೆ ಸ್ಟಾರ್ಟ್. ಮೊದಲು ನಿಲ್ಲಿಸಲೇಬೇಕು. ಓಡುತ್ತಿರುವಾಗ ಅಳಿಸಿದರೆ ಮೆಮೊರಿಯಲ್ಲಿರುವ ಹಳೆಯದನ್ನೇ ಮತ್ತೆ ಬರೆದುಬಿಡುತ್ತದೆ.

ಪ್ರಶ್ನೆ ಕೇಳಿದವರು:
ಹೌದು, ಮೂರೂ ಫೈಲ್ ರೂಟ್ ಹೆಸರಲ್ಲಿದ್ದವು. ಈಗ 70 ನಿಂತಿದೆ. ಎಚ್‌ಡಿಎಂಐ ಮಾತ್ರ ಬಿಡುತ್ತಿಲ್ಲ.

ಉತ್ತರ 2:
ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರನ್ನು ಇನ್ನೊಮ್ಮೆ ಆರಿಸಿ. ಮೊದಲು ಆರಿಸಿದ್ದು ಫೈಲಿಗೆ ಸೇರಿರಲೇ ಇಲ್ಲವಲ್ಲ. ಟರ್ಮಿನಲ್‌ನಲ್ಲಾದರೆ ‘ಡಬ್ಲ್ಯುಪಿಸಿಟಿಎಲ್ ಸ್ಟೇಟಸ್’ ತೋರಿಸುವ ನಂಬರ್ ಹಿಡಿದು ‘ಡಬ್ಲ್ಯುಪಿಸಿಟಿಎಲ್ ಸೆಟ್-ಡಿಫಾಲ್ಟ್’. ಆ ನಂಬರ್ ಪ್ರತಿ ಬೂಟ್‌ಗೂ ಬದಲಾಗಬಹುದು, ದಯವಿಟ್ಟು ಅದನ್ನು ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ ಬರೆದಿಡಬೇಡಿ.

ಆಗಲೂ ಎಚ್‌ಡಿಎಂಐಗೆ ಜಾರಿದರೆ ಪಾವುಕಂಟ್ರೋಲ್ ಎಂಬ ಸೌಂಡ್ ಸೆಟ್ಟಿಂಗ್ ಆ್ಯಪ್ ತೆರೆದು ಕಾನ್ಫಿಗರೇಶನ್ ಟ್ಯಾಬ್‌ಗೆ ಹೋಗಿ. ಎಚ್‌ಡಿಎಂಐ ಬೇರೆ ಕಾರ್ಡ್ ಆಗಿದ್ದರೆ ಅದರ ಪ್ರೊಫೈಲ್ ‘ಆಫ್’ ಮಾಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಒಂದೇ ಕಾರ್ಡ್. ಅಲ್ಲಿ ಆಫ್ ಮಾಡಿದರೆ ಸ್ಪೀಕರೂ ಹೋಗುತ್ತದೆ, ‘ಅನಲಾಗ್ ಸ್ಟೀರಿಯೋ ಡ್ಯುಪ್ಲೆಕ್ಸ್’ ಆರಿಸಿ.

ಉತ್ತರ 3:
ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೋ ಇಲ್ಲದೆ ಬರೀ ಅಲ್ಸಾ ಇರುವವರಿಗೆ ಮಾತ್ರ: ಅಲ್ಸಾಮಿಕ್ಸರ್‌ನಲ್ಲಿ ಎಫ್6 ಒತ್ತಿ ಕಾರ್ಡ್ ಆರಿಸಿ, ‘ಎಂಎಂ’ ಇದ್ದಲ್ಲಿ ಎಂ ಒತ್ತಿ ಮ್ಯೂಟ್ ತೆಗೆಯಿರಿ, ಆಮೇಲೆ ‘ಸುಡೋ ಅಲ್ಸಾಕ್ಟಿಎಲ್ ಸ್ಟೋರ್’. ಅಲ್ಸಾ-ರಿಸ್ಟೋರ್ ಸರ್ವಿಸ್ ಮಟ್ಟವನ್ನು ಉಳಿಸುವುದು ಶಟ್‌ಡೌನ್ ಹೊತ್ತಿನಲ್ಲಿ. ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿದರೆ ಆ ಹೆಜ್ಜೆಯೇ ನಡೆಯುವುದಿಲ್ಲ.