ಪಾವಟೆಯವರಿಗೆ 13 ವರ್ಷ, ಈಗಿನ ಕುಲಪತಿಗಳಿಗೆ 4. ಸಾಕಾಗುತ್ತಾ?

ಗುಡ್ಡದ ದಾರಿ:
ಮೊನ್ನೆ ಧಾರವಾಡಕ್ಕೆ ಹೋಗಿದ್ದೆ. ಕರ್ನಾಟಕ ವಿಶ್ವವಿದ್ಯಾಲಯದ ವಿಳಾಸದಲ್ಲಿ ‘ಪಾವಟೆ ನಗರ’ ಅಂತ ಇರುತ್ತದಲ್ಲ, ಇಷ್ಟು ವರ್ಷ ಅದು ಯಾವುದೋ ಬಡಾವಣೆ ಹೆಸರು ಅಂದುಕೊಂಡಿದ್ದೆ. ನೋಡಿದರೆ ಅಲ್ಲಿ 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಹೆಸರಂತೆ. ಗೋಕಾಕದ ಕಡೆಯವರು, ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು, ಕುಲಪತಿ ಹುದ್ದೆಯಿಂದ ನೇರ ಪಂಜಾಬಿನ ರಾಜ್ಯಪಾಲರಾಗಿ ಹೋದರು. 13 ವರ್ಷ ಒಬ್ಬರೇ! ಈಗ ನಮ್ಮ ರಾಜ್ಯದ ವಿವಿಗಳಲ್ಲಿ ಕುಲಪತಿಗೆ 4 ವರ್ಷ, ಅಷ್ಟೇ. ಈಗಿನವರಿಂದ ಏನೂ ದೊಡ್ಡದು ಆಗುತ್ತಿಲ್ಲ ಅಂತ ಬೈತೀವಲ್ಲ, ಅದಕ್ಕೆ ಈ ಅವಧಿಯೇ ಕಾರಣವಾ? ಒಳಗಿನದು ಗೊತ್ತಿದ್ದವರು ಹೇಳಿ.

ಕೆರೆ ದಂಡೆ:
ಅವಧಿ ಕಾರಣ ಅಂದರೆ ನಾನು ಒಪ್ಪಲ್ಲ. ಕುವೆಂಪು ಮೈಸೂರು ವಿವಿ ಕುಲಪತಿಯಾಗಿದ್ದದ್ದು 1956ರಿಂದ 1960, ಅದೂ ನಾಲ್ಕೇ ವರ್ಷ. ಅಷ್ಟರಲ್ಲೇ ಕುಕ್ಕರಹಳ್ಳಿ ಕೆರೆ ಆಚೆ ಸ್ನಾತಕೋತ್ತರ ವಿಭಾಗಗಳಿಗೆ ಅಂತಲೇ ಬೇರೆ ಆವರಣ ರೂಪುಗೊಂಡಿತು. ಅದಕ್ಕೆ ‘ಮಾನಸಗಂಗೋತ್ರಿ’ ಅಂತ ಹೆಸರಿಟ್ಟವರೂ ಅವರೇ. ನಾನು ಅಲ್ಲೇ ಎಂ.ಎ. ಮಾಡಿದವನು, ಸ್ವಲ್ಪ ಪಕ್ಷಪಾತ ಇದೆ, ಇರಲಿ. ಮನಸ್ಸಿದ್ದವರಿಗೆ ನಾಲ್ಕು ವರ್ಷ ಧಾರಾಳ.

ನಿವೃತ್ತ ಗುಮಾಸ್ತ:
ಕೆರೆ ದಂಡೆಯವರೇ, ಲೆಕ್ಕದಲ್ಲಿ ಒಂದು ಬಿಟ್ಟಿರಿ. ಕುವೆಂಪು 1929ರಲ್ಲೇ ಮಹಾರಾಜಾ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದವರು. ಆಮೇಲೆ ಪ್ರೊಫೆಸರ್, 1955ರಲ್ಲಿ ಅದೇ ಕಾಲೇಜಿನ ಪ್ರಿನ್ಸಿಪಾಲ್. ಅದೇ ವಿವಿಯಲ್ಲಿ ಓದಿ ಅದರ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. 27 ವರ್ಷ ಒಳಗೇ ಇದ್ದವರಿಗೆ ಯಾವ ಬಾಗಿಲು ಎಲ್ಲಿದೆ ಅಂತ ಯಾರೂ ತೋರಿಸಬೇಕಿರಲಿಲ್ಲ.

ನಾನು ಒಂದು ವಿವಿಯ ಆಡಳಿತ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಯಾವುದು ಅಂತ ಕೇಳಬೇಡಿ. ನನ್ನ ಪ್ರಕಾರ ಕೆಡಿಸುವುದು ನಾಲ್ಕು ವರ್ಷ ಅಲ್ಲ, ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವಿನ ತಿಂಗಳುಗಳು. ಶೋಧನಾ ಸಮಿತಿ ಆಗಬೇಕು, ಅದು ಹೆಸರು ಕೊಡಬೇಕು, ಸರ್ಕಾರ ಒಪ್ಪಬೇಕು, ರಾಜ್ಯಪಾಲರು ಸಹಿ ಹಾಕಬೇಕು. ಅಲ್ಲಿಯವರೆಗೆ ಹಿರಿಯ ಡೀನ್ ಒಬ್ಬರಿಗೆ ಪ್ರಭಾರ. ಪ್ರಭಾರದಲ್ಲಿ ಇರುವವರು ಯಾಕೆ ಮೈಮೇಲೆ ಎಳೆದುಕೊಳ್ಳುತ್ತಾರೆ ಹೇಳಿ?

ಒಂದು ಸಲ ಹಾಸ್ಟೆಲ್ ಚಾವಣಿ ಸೋರುತ್ತದೆ ಅಂತ ರಿಪೇರಿ ಫೈಲ್ ಇಟ್ಟೆವು. ಟಿಪ್ಪಣಿ ಪಕ್ಕದಲ್ಲಿ ‘ಮಾತನಾಡಿ’ ಅಂತ ಬರೆದು ವಾಪಸ್ ಬಂತು. ಹೋಗಿ ಮಾತಾಡಿದೆವು, ‘ನೋಡೋಣ’ ಅಂದರು. ಮತ್ತೆ ಇಟ್ಟೆವು, ಮತ್ತೆ ‘ಮಾತನಾಡಿ’. ಮೂರನೇ ಸಲವೂ ಅದೇ. ಅಷ್ಟರಲ್ಲಿ ಮಳೆಗಾಲ ಮುಗಿದು, ಹುಡುಗರು ಬಕೆಟ್ ಇಟ್ಟುಕೊಂಡೇ ಪರೀಕ್ಷೆ ಬರೆದರು. ಆಮೇಲೆ ಪೂರ್ಣಾವಧಿ ಕುಲಪತಿ ಬಂದರು, ಬಂದ ವಾರವೇ ಕುಲಸಚಿವರನ್ನು ಕರೆದು ಬಾಕಿ ಫೈಲ್‌ಗಳ ಪಟ್ಟಿ ಕೇಳಿದರು. ನಮ್ಮ ಫೈಲ್‌ಗೆ ನಿಂತಲ್ಲೇ ಸಹಿ ಬಿತ್ತು. ಅವರು ಮಹಾ ವಿದ್ವಾಂಸರೇನಲ್ಲ. ಆದರೆ ಹೂಂ ಅಥವಾ ಊಹೂಂ, ಎರಡರಲ್ಲಿ ಒಂದು ಹೇಳುತ್ತಿದ್ದರು.

ಬಿಸಿಲು ಸೀಮೆ:
ಪಾವಟೆಯವರ ಕಾಲವೇ ಬೇರೆ ಸ್ವಾಮಿ. ಆ ವಿವಿ ಶುರುವಾದದ್ದು 1949ರಲ್ಲಿ, ಅದೂ ಮುಂಬೈಯಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. ಅವರು ಬಂದಾಗ ಇನ್ನೂ ಕೂಸು. ಗುಡ್ಡದ ಮೇಲೆ ಕಟ್ಟಡ ಎದ್ದದ್ದು, ವಿಭಾಗಗಳು ಬೆಳೆದದ್ದು ಎಲ್ಲಾ ಕಣ್ಣಿಗೆ ಕಾಣುವ ಕೆಲಸ. 1956ರ ನಂತರ ನಮ್ಮ ಕಲಬುರಗಿ, ಬೀದರ್, ರಾಯಚೂರು ಕಡೆ ಕಾಲೇಜುಗಳೂ ಅದರ ಕೆಳಗೇ ಇದ್ದವು, ನಮಗೆ ಪ್ರತ್ಯೇಕ ವಿವಿ ಸಿಕ್ಕಿದ್ದು 1980ರಲ್ಲಿ. ಕುಲಪತಿಯಾಗುವ ಮೊದಲು ಪಾವಟೆಯವರು ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು, ಕಚೇರಿ ಅಂದರೆ ಏನು ಅಂತ ಕಲಿತೇ ಬಂದಿದ್ದರು. ಈಗ 10 ವರ್ಷ ಪ್ರೊಫೆಸರ್ ಆಗಿದ್ದರೆ ಅರ್ಹತೆ ಸಿಗುತ್ತದೆ, ಆ ಹತ್ತು ವರ್ಷದಲ್ಲಿ ಒಂದು ಬಜೆಟ್ಟನ್ನೂ ನೋಡದೆ ಇರಬಹುದು.

ಹಾಗಂತ ಒಬ್ಬರನ್ನೇ 13 ವರ್ಷ ಕೂರಿಸಿ ಅಂತ ಹೇಳಲ್ಲ. ಒಳ್ಳೆಯವರು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಅಷ್ಟೂ ವರ್ಷ ಸಹಿಸಬೇಕು. ಸುಮ್ನೆ ಊಹಿಸಿಕೊಳ್ಳಿ!

ಗುಡ್ಡದ ದಾರಿ:
ಗುಮಾಸ್ತರೇ, ಪ್ರಭಾರದ ವಿಷಯ ನನಗೆ ಹೊಳೆದೇ ಇರಲಿಲ್ಲ. ಇರುವವರ ಅವಧಿ ಯಾವ ದಿನ ಮುಗಿಯುತ್ತದೆ ಅಂತ ಬಂದ ದಿನವೇ ಗೊತ್ತಿರುತ್ತದೆ ಅಲ್ವಾ? ಆರು ತಿಂಗಳು ಮೊದಲೇ ಸಮಿತಿ ಮಾಡಿದರೆ ಆಯಿತಪ್ಪ.

ನಿವೃತ್ತ ಗುಮಾಸ್ತ:
ಆಯಿತು ಸಾರ್, ನೀವೇ ಒಂದು ಟಿಪ್ಪಣಿ ಬರೆದು ಕಳಿಸಿ. ಪಕ್ಕದಲ್ಲಿ ಏನು ಬರೆದು ವಾಪಸ್ ಬರುತ್ತದೆ ಅಂತ ನಿಮಗೇ ಗೊತ್ತು.